ಮುರುಗಲು ಮಣಿಯ ಬಣ್ಣ ಎಲ್ಲಿ ಹೋಯಿತು? ಆಲ್ಜಿನೇಟ್ ಬಂಧನದ ದೋಷ ನಿವಾರಣೆ

ಮುರುಗಲು ಸಿಪ್ಪೆಯ ಸಾರವನ್ನು ಸೋಡಿಯಂ ಆಲ್ಜಿನೇಟ್ ದ್ರಾವಣಕ್ಕೆ ಬೆರೆಸಿ, ಸಿರಿಂಜಿನಿಂದ ಕ್ಯಾಲ್ಸಿಯಂ ಕ್ಲೋರೈಡ್ ನೀರಿಗೆ ಹನಿ ಹನಿಯಾಗಿ ಬಿಟ್ಟರೆ ಬೇಯಿಸಿದ ಸಬ್ಬಕ್ಕಿಗೆ ಕುಂಕುಮ ಬಳಿದಂಥ ಮಣಿಗಳು ಸಿಗಬೇಕು. ಪುಸ್ತಕದಲ್ಲಿ ಹಾಗೆಯೇ ಸಿಗುತ್ತವೆ. ಮೇಜಿನ ಮೇಲೆ ಸಿಗುವುದು ಒಮ್ಮೆ ಗಂಟು ಗಂಟಾದ ಲೋಳೆ, ಒಮ್ಮೆ ಬಿಳಿಚಿದ ಮಣಿ, ಇನ್ನೊಮ್ಮೆ ಬೂದಿ ಮಿಶ್ರಿತ ನೇರಳೆ. ಎಲ್ಲ ಸರಿ ಬಂತು ಎಂದುಕೊಂಡರೆ ಎರಡು ವಾರದಲ್ಲಿ ಡಬ್ಬಿಯೊಳಗೆ ಇಟ್ಟಿಗೆ ಪುಡಿಯ ಬಣ್ಣ.

2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಗೋಬಿ ಮಂಚೂರಿ, ಕಾಟನ್ ಕ್ಯಾಂಡಿಗಳಲ್ಲಿ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದ ಮೇಲೆ ನಮ್ಮ ಪ್ರಯೋಗಾಲಯದಲ್ಲೂ ಸಸ್ಯವರ್ಣಗಳ ಮೇಲೆ ಪ್ರಾಜೆಕ್ಟ್ ಮಾಡಲು ಬರುವ ವಿದ್ಯಾರ್ಥಿಗಳು ಹೆಚ್ಚಿದರು. ಅವರು ಕೆಡಿಸಿದ್ದನ್ನೂ ಅವರಿಗಿಂತ ಮೊದಲು ನಾನೇ ಕೆಡಿಸಿದ್ದನ್ನೂ ಒಟ್ಟು ಸೇರಿಸಿ ಇದನ್ನು ಬರೆದಿದ್ದೇನೆ. ಹಣ್ಣು ದಕ್ಷಿಣ ಕನ್ನಡದವರ ಪುನರ್ಪುಳಿ, ಮಲೆನಾಡು ಮತ್ತು ಉತ್ತರ ಕನ್ನಡದವರ ಮುರುಗಲು. ಅದರ ಕೆಂಪು ಆಂಥೋಸಯನಿನ್‌ಗಳದು. ಮುಖ್ಯವಾಗಿ ಸಯನಿಡಿನ್-3-ಗ್ಲುಕೋಸೈಡ್ ಮತ್ತು ಸಯನಿಡಿನ್-3-ಸಾಂಬುಬಯೋಸೈಡ್. ಬಣ್ಣವನ್ನು ಒಳಗೆ ಬಂಧಿಸಿಡಬೇಕಾದ ಪಾಲಿಮರ್ ಆಲ್ಜಿನೇಟ್, ಕಂದು ಕಡಲಪಾಚಿಯಿಂದ ತೆಗೆದದ್ದು, ಮಣ್ಣಿನಲ್ಲಿ ಕರಗಿ ಹೋಗುವಂಥದ್ದು.

ಬಣ್ಣ ಕೆಟ್ಟಿತು ಎಂದು ಯಾರಾದರೂ ಬಂದರೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಬಣ್ಣ ಸೋರಿತೋ, ವೇಷ ಬದಲಿಸಿತೋ, ಸತ್ತೇ ಹೋಯಿತೋ? ಮೂರೂ ಕಣ್ಣಿಗೆ ಒಂದೇ ರೀತಿ ಕಾಣುತ್ತವೆ, ಮೂರಕ್ಕೂ ಮದ್ದು ಬೇರೆ ಬೇರೆ. ಇದನ್ನು ತೀರ್ಮಾನಿಸದೆ ಆಲ್ಜಿನೇಟ್ ಪ್ರಮಾಣವನ್ನು ಎರಡರಿಂದ ಮೂರು ಶೇಕಡಕ್ಕೆ ಏರಿಸುವುದು, ಬೇರೆ ಕಂಪನಿಯ ಪುಡಿ ತರಿಸುವುದು ಎಲ್ಲವೂ ಕತ್ತಲಲ್ಲಿ ಕಲ್ಲು ಎಸೆದಂತೆ.

ಮೊದಲು ಆಮ್ಲದ ಹನಿ

ಆಂಥೋಸಯನಿನ್ ಪಿಎಚ್‌ಗೆ ತಕ್ಕಂತೆ ರೂಪ ಬದಲಿಸುತ್ತದೆ. ಪಿಎಚ್ 3ಕ್ಕಿಂತ ಕೆಳಗೆ ಅದು ಕೆಂಪು ಫ್ಲೇವಿಲಿಯಂ ರೂಪದಲ್ಲಿರುತ್ತದೆ. 4ರಿಂದ 5ರ ಹೊತ್ತಿಗೆ ಹೆಚ್ಚಿನ ಭಾಗ ಬಣ್ಣವೇ ಇಲ್ಲದ ರೂಪಕ್ಕೆ ಹೋಗುತ್ತದೆ. 6, 7ರಲ್ಲಿ ನೇರಳೆ-ನೀಲಿ ಇಣುಕುತ್ತದೆ. ಇನ್ನೂ ಕ್ಷಾರವಾದರೆ ಹಸಿರು, ಹಳದಿ, ಆಮೇಲೆ ನಾಶ. ಅಂದರೆ ಬಿಳಿಚಿದ ಮಣಿಯೊಳಗೆ ವರ್ಣದ್ರವ್ಯ ಪೂರ್ತಿ ಇದ್ದೂ ಕಾಣದಿರಬಹುದು.

ಪರೀಕ್ಷೆ ಸುಲಭ. ಹತ್ತು ಮಣಿಗಳನ್ನು ಗಾಜಿನ ಕಡ್ಡಿಯಿಂದ ಜಜ್ಜಿ, ಸ್ವಲ್ಪ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ ಎಥನಾಲ್‌ನಲ್ಲಿ ನೆನೆಸಿ. ಆಲ್ಜಿನೇಟ್ ಎಥನಾಲ್‌ನಲ್ಲಿ ಕರಗುವುದಿಲ್ಲ, ಬಣ್ಣ ಹೊರಬರುತ್ತದೆ. ತಿರುಳು ಬೆಳ್ಳಗಾಗುವವರೆಗೆ ಎರಡು ಮೂರು ಸಲ ಹೀಗೆ ಮಾಡಿ. ಒಂದು ಗಂಟೆಯಾದರೂ ಕಾಯಿರಿ. ಬಣ್ಣವಿಲ್ಲದ ರೂಪಗಳಲ್ಲಿ ಚಾಲ್ಕೋನ್ ಎಂಬುದು ಕೆಂಪಿಗೆ ಮರಳಲು ಬಹಳ ಸೋಮಾರಿ. ಐದು ನಿಮಿಷ ನೋಡಿ ಕೈಬಿಟ್ಟವರೇ ಹೆಚ್ಚು.

ಕೆಂಪು ಪೂರ್ತಿ ಮರಳಿತೇ? ವರ್ಣದ್ರವ್ಯಕ್ಕೆ ಏನೂ ಆಗಿಲ್ಲ. ದೋಷ ಪಿಎಚ್‌ನದು ಅಥವಾ ಲೋಹದ್ದು. ಅರೆಬರೆ ಮರಳಿ ಕಂದು ಛಾಯೆ ಉಳಿಯಿತೇ? ಶಾಖ, ಆಮ್ಲಜನಕ, ಬೆಳಕು ಯಾವುದೋ ಒಂದು ಅದನ್ನು ಕೊಂದಿದೆ. ಮಣಿಯಲ್ಲಿ ಏನೂ ಇಲ್ಲವೇ? ಈಗ ಸ್ನಾನದ ನೀರಿಗೆ, ಅಂದರೆ ಮಣಿ ಬೀಳಿಸಿದ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ, ನಾಲ್ಕು ಹನಿ ಆಮ್ಲ ಹಾಕಿ ನೋಡಿ. ಅದು ಕೆಂಪಾದರೆ ಬಣ್ಣ ಸೋರಿದೆ.

ಒಂದು ಎಚ್ಚರಿಕೆ. ಸಿಪ್ಪೆಯ ಬದಲು ಬಾಟಲಿಯ ಶರಬತ್ತು ತಂದು ಬಳಸಿದ್ದರೆ ಅದರಲ್ಲಿ ಕೆಎಂಎಸ್ (ಪೊಟ್ಯಾಸಿಯಂ ಮೆಟಾಬೈಸಲ್ಫೈಟ್ ಎಂಬ ಸಂರಕ್ಷಕ) ಇದೆಯೇ ಎಂದು ಲೇಬಲ್ ನೋಡಿ. ಸಲ್ಫೈಟ್ ಆಂಥೋಸಯನಿನ್‌ನ ಬಣ್ಣವನ್ನು ಅಳಿಸುತ್ತದೆ, ಗಟ್ಟಿ ಆಮ್ಲ ಬಿದ್ದಾಗ ಬಿಟ್ಟುಕೊಡುತ್ತದೆ. ಆಗ ಆಮ್ಲದ ಹನಿ ನಿಮಗೆ ಪಿಎಚ್ ದೋಷ ಎಂದು ಸುಳ್ಳು ಹೇಳುತ್ತದೆ.

ಸ್ನಾನದ ನೀರು ತಿಳಿಯಾಗಿದೆ, ಆದರೂ ಬಣ್ಣ ಸೋರಿದೆ

ನಾನು ಅತಿ ಹೆಚ್ಚು ಮೋಸಹೋದದ್ದು ಇಲ್ಲಿ. ಮಣಿ ಸೋಸಿದ ಮೇಲೆ ನೀರು ಹೆಚ್ಚುಕಡಿಮೆ ತಿಳಿಯಾಗಿತ್ತು. ಅದನ್ನೇ ನೇರವಾಗಿ, ದ್ರಾವಣ ಎಷ್ಟು ಬೆಳಕು ಹೀರುತ್ತದೆಂದು ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್‌ಗೆ ಹಾಕಿ 520 ನ್ಯಾನೋಮೀಟರ್‌ನಲ್ಲಿ ಓದಿದೆ. ಸೋರಿಕೆ ಇಲ್ಲವೇ ಇಲ್ಲ ಎನ್ನುವಂಥ ಅಂಕಿ ಬಂತು, ಬಂಧನದ ದಕ್ಷತೆ ಎಂದು ದೊಡ್ಡ ಸಂಖ್ಯೆ ಬರೆದಿಟ್ಟೆ. ನೀರನ್ನು ಸಿಂಕಿಗೆ ಚೆಲ್ಲಿದೆ. ಮುಂದಿನ ಸಲ ಸಿಂಕಿನ ಪಕ್ಕದಲ್ಲಿದ್ದ ಆಮ್ಲದ ತೊಳೆನೀರು ಅದೇ ಬೀಕರಿಗೆ ಬಿದ್ದು ಇಡೀ ಬೀಕರ್ ಗುಲಾಬಿ ಬಣ್ಣಕ್ಕೆ ತಿರುಗಿದಾಗ ಹಿಂದಿನ ತಿಂಗಳ ಲೆಕ್ಕವೆಲ್ಲ ನೆನಪಾಯಿತು.

ಕಾರಣ ಮೇಲೆಯೇ ಹೇಳಿದ್ದು. ಸ್ನಾನದ ನೀರಿನ ಪಿಎಚ್ 5ರ ಆಸುಪಾಸಿನಲ್ಲಿದ್ದರೆ ಸೋರಿದ ಬಣ್ಣ ಅಲ್ಲಿ ಕಾಣುವುದೇ ಇಲ್ಲ. ಆದ್ದರಿಂದ ಸೋರಿಕೆಯನ್ನು ಅಳೆಯುವುದಿದ್ದರೆ ಪಿಎಚ್ ವ್ಯತ್ಯಾಸ ವಿಧಾನವೇ ಆಗಬೇಕು. ಮಾದರಿಯನ್ನು ಪಿಎಚ್ 1.0ರ ಪೊಟ್ಯಾಸಿಯಂ ಕ್ಲೋರೈಡ್ ಬಫರ್‌ನಲ್ಲೂ ಪಿಎಚ್ 4.5ರ ಸೋಡಿಯಂ ಅಸಿಟೇಟ್ ಬಫರ್‌ನಲ್ಲೂ ಪ್ರತ್ಯೇಕವಾಗಿ ಓದಿ. ಎರಡರಲ್ಲೂ 520ರ ಓದಿನಿಂದ 700ರ ಓದನ್ನು ಕಳೆಯಿರಿ. ಆಮೇಲೆ ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ. ಬಂದದ್ದನ್ನು 449.2, ದುರ್ಬಲಗೊಳಿಸಿದ ಪಟ್ಟು ಮತ್ತು 1000ದಿಂದ ಗುಣಿಸಿ 26,900ರಿಂದ ಭಾಗಿಸಿದರೆ, ಒಂದು ಸೆಂಟಿಮೀಟರ್ ಕ್ಯೂವೆಟ್‌ಗೆ ಲೀಟರಿಗೆ ಎಷ್ಟು ಮಿಲಿಗ್ರಾಂ ಎಂದು ಸಿಗುತ್ತದೆ. ಲೆಕ್ಕ ಸಯನಿಡಿನ್-3-ಗ್ಲುಕೋಸೈಡ್ ಆಧಾರದ್ದು, ಮುರುಗಲಿಗೆ ಚೆನ್ನಾಗಿ ಹೊಂದುತ್ತದೆ.

700ರ ಓದು ಜಾಸ್ತಿ ಬರುತ್ತಿದ್ದರೆ ಮಾದರಿ ಮಬ್ಬಾಗಿದೆ ಎಂದರ್ಥ. ಮಣಿಯನ್ನು ಸೋಡಿಯಂ ಸಿಟ್ರೇಟ್‌ನಲ್ಲಿ ಕರಗಿಸಿ ಆಮೇಲೆ ಪಿಎಚ್ 1ಕ್ಕೆ ಇಳಿಸುವವರಿಗೆ ಇದು ಖಂಡಿತ ಕಾದಿರುತ್ತದೆ. ಕರಗಿದ ಆಲ್ಜಿನೇಟ್ ಆಮ್ಲದಲ್ಲಿ ಮತ್ತೆ ಗಷ್ಟು ಕಟ್ಟಿ ತೇಲುತ್ತದೆ. ಸೆಂಟ್ರಿಫ್ಯೂಜ್ ಮಾಡಿ, ಇಲ್ಲವೇ ಮೇಲೆ ಹೇಳಿದ ಎಥನಾಲ್ ದಾರಿ ಹಿಡಿಯಿರಿ.

ಸೋರಿಕೆ ನಿಜವೆಂದು ಗೊತ್ತಾದ ಮೇಲೆ ಆಲ್ಜಿನೇಟನ್ನು ಬೈದು ಪ್ರಯೋಜನವಿಲ್ಲ. ಅದರ ಜೆಲ್ ಒಂದು ಬಲೆ. ಕಣ್ಣುಗಳ ಅಗಲ ಹತ್ತಾರು ನ್ಯಾನೋಮೀಟರ್. ಬಣ್ಣದ ಅಣುವಿನ ಅಗಲ ಒಂದು ನ್ಯಾನೋಮೀಟರ್‌ನ ಆಸುಪಾಸು. ಮೀನು ಹಿಡಿಯುವ ಬಲೆಯಲ್ಲಿ ಸೊಳ್ಳೆ ನಿಲ್ಲಿಸಲು ಹೊರಟಂತೆ. ಸ್ವಲ್ಪವಾದರೂ ನಿಲ್ಲುವುದು ಧನ ಆವೇಶದ ಕೆಂಪು ರೂಪ ಆಲ್ಜಿನೇಟ್‌ನ ಋಣ ಆವೇಶಕ್ಕೆ ಅಂಟಿಕೊಳ್ಳುವುದರಿಂದ. ಹಾಗಾಗಿ ನಾನು ಮಾಡುವುದು ಇಷ್ಟು. ಸ್ನಾನವನ್ನು ತಣ್ಣಗಿಡುತ್ತೇನೆ, ಮಣಿಗಳನ್ನು ರಾತ್ರಿಯಿಡೀ ಅಲ್ಲಿ ಬಿಡದೆ ಇಪ್ಪತ್ತು ನಿಮಿಷದಲ್ಲಿ ಎತ್ತುತ್ತೇನೆ, ತೊಳೆಯುವುದನ್ನೂ ಒಂದೇ ಸಲಕ್ಕೆ ಮುಗಿಸುತ್ತೇನೆ. ಸ್ನಾನದ ನೀರಿಗೂ ಅಷ್ಟೇ ಗಾಢವಾದ ಸಾರ ಬೆರೆಸಿದರೆ ಒಳಗೂ ಹೊರಗೂ ಸಮವಾಗಿ ಸೋರಿಕೆಗೆ ಕಾರಣವೇ ಇರುವುದಿಲ್ಲ. ಸಾರ ಹೆಚ್ಚು ಖರ್ಚಾಗುತ್ತದೆ, ಆದರೆ ಅದೇ ನೀರನ್ನು ಮತ್ತೆ ಬಳಸಬಹುದು. ಆ ಮೇಲೆ ಕೈಟೊಸಾನ್ (ಸಿಗಡಿ, ಏಡಿ ಚಿಪ್ಪಿನಿಂದ ತೆಗೆದ ಪಾಲಿಮರ್) ಹೊದಿಕೆ: ಶೇ 1ರ ಅಸಿಟಿಕ್ ಆಮ್ಲದಲ್ಲಿ ಶೇ 0.5ರಷ್ಟು ಕೈಟೊಸಾನ್ ಕರಗಿಸಿ ಮಣಿಗಳನ್ನು ಹತ್ತು ನಿಮಿಷ ಅದ್ದುವುದು. ಕೈಟೊಸಾನ್ ಧನ, ಆಲ್ಜಿನೇಟ್ ಋಣ. ಎರಡೂ ಸೇರಿ ಮಣಿಯ ಮೇಲೆ ಬಿಗಿಯಾದ ಸಿಪ್ಪೆ ಕಟ್ಟುತ್ತವೆ.

ಕೈಟೊಸಾನ್ ಒಂದನ್ನೇ ಬಳಸಿ ಮಣಿ ಮಾಡುವವರು ಅದನ್ನು ಸೋಡಿಯಂ ಹೈಡ್ರಾಕ್ಸೈಡ್ ಸ್ನಾನಕ್ಕೆ ಬೀಳಿಸುವ ಹಳೆಯ ವಿಧಾನ ಓದಿರುತ್ತಾರೆ. ಆಂಥೋಸಯನಿನ್‌ಗೆ ಅದು ವಿಷ. ಬಿದ್ದ ಕ್ಷಣ ಮಣಿ ಹಸಿರಾಗುತ್ತದೆ, ಆಮ್ಲ ಹಾಕಿದರೂ ಪೂರ್ತಿ ಮರಳುವುದಿಲ್ಲ. ಬದಲಿಗೆ ಟ್ರೈಪಾಲಿಫಾಸ್ಫೇಟ್ (ಕೈಟೊಸಾನನ್ನು ಹೆಪ್ಪುಗಟ್ಟಿಸುವ ಲವಣ) ಬಳಸಿ, ಅದರ ದ್ರಾವಣವೂ ಕ್ಷಾರೀಯವಾದ್ದರಿಂದ ಮೊದಲೇ ಆಮ್ಲ ಹಾಕಿ ಪಿಎಚ್ ಇಳಿಸಿ.

ಸಾರ ಬೆರೆಸಿದ ತಕ್ಷಣ ಗಂಟು

ಮುರುಗಲಿನಲ್ಲಿ ಎಲ್ಲರೂ ಮೊದಲು ಎಡವುವುದು ಇಲ್ಲಿಯೇ. ಬೀಟ್‌ರೂಟಿನ ಬಣ್ಣಕ್ಕೆ ಬರೆದ ವಿಧಾನವನ್ನು ಹಾಗೆಯೇ ಮುರುಗಲಿಗೆ ಇಳಿಸಿದರೆ ಸಿರಿಂಜಿನ ತುದಿ ಕಟ್ಟಿಕೊಂಡು ಹೆಬ್ಬೆರಳು ನೋಯುವುದಷ್ಟೇ ಲಾಭ. ಮುರುಗಲ ಸಿಪ್ಪೆಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಧಾರಾಳ. ಗಾಢವಾಗಿ ತೆಗೆದ ಸಾರದ ಪಿಎಚ್ ನಮ್ಮ ಮೇಜಿನಲ್ಲಿ 2ರ ಸುತ್ತಮುತ್ತ ಇರುತ್ತದೆ. ಆಲ್ಜಿನೇಟ್‌ನ ಎರಡು ಘಟಕಗಳಾದ ಮ್ಯಾನ್ಯುರಾನಿಕ್ ಮತ್ತು ಗುಲ್ಯುರಾನಿಕ್ ಆಮ್ಲಗಳ ಪಿಕೆಎ (ಅರ್ಧದಷ್ಟು ಅಣುಗಳು ಋಣ ಆವೇಶ ಕಳೆದುಕೊಂಡಿರುವ ಪಿಎಚ್) ಕ್ರಮವಾಗಿ 3.4 ಮತ್ತು 3.65ರ ಹತ್ತಿರ. ಅದಕ್ಕಿಂತ ಕೆಳಗೆ ಹೋದರೆ ಆಲ್ಜಿನೇಟ್ ಕ್ಯಾಲ್ಸಿಯಂಗೆ ಕಾಯದೆ ತಾನಾಗಿ ಆಲ್ಜಿನಿಕ್ ಆಮ್ಲವಾಗಿ ಹೆಪ್ಪುಗಟ್ಟುತ್ತದೆ.

ಆದರೆ ಗಂಟು ಕಂಡ ಕೂಡಲೇ ಆಮ್ಲದ್ದೇ ತಪ್ಪು ಎನ್ನಬೇಡಿ. ಗಂಟುಗಳಲ್ಲಿ ಮೂರು ಜಾತಿ. ಸಾರ ಬೆರೆಸುವ ಮೊದಲೇ, ಬರೀ ನೀರಿನಲ್ಲಿ ಕರಗಿಸುವಾಗಲೇ ಮೀನಿನ ಕಣ್ಣಿನಂಥ ಗುಂಡು ಗುಂಡಾದ ಗಂಟು ಬಂದಿದ್ದರೆ ಅದು ಬೆರಸುವ ಕೈಯ ದೋಷ. ರಾಗಿ ಹಿಟ್ಟನ್ನು ಒಮ್ಮೆಗೇ ಸುರಿದರೆ ಏನಾಗುತ್ತದೋ ಅದೇ. ಪುಡಿಯನ್ನು ಸ್ವಲ್ಪ ಎಥನಾಲ್‌ನಲ್ಲಿ ಒದ್ದೆ ಮಾಡಿ, ಸುಳಿ ತಿರುಗುತ್ತಿರುವ ನೀರಿಗೆ ಚಿಟಿಕೆ ಚಿಟಿಕೆಯಾಗಿ ಉದುರಿಸಿ, ರಾತ್ರಿಯಿಡೀ ಫ್ರಿಜ್‌ನಲ್ಲಿಡಿ. ಗಾಳಿಗುಳ್ಳೆಗಳೂ ಏರಿ ಹೋಗುತ್ತವೆ. ಇಲ್ಲದಿದ್ದರೆ ನಾಳೆ ಮಣಿಗಳು ಮುಳುಗದೆ ತೇಲುತ್ತವೆ.

ಉಳಿದ ಎರಡನ್ನು ಬೇರ್ಪಡಿಸಲು ಗಂಟನ್ನು ಎರಡು ಚೂರು ಮಾಡಿ. ಒಂದಕ್ಕೆ ಅಡುಗೆ ಸೋಡಾ ನೀರು, ಇನ್ನೊಂದಕ್ಕೆ ಸೋಡಿಯಂ ಸಿಟ್ರೇಟ್ ನೀರು. ಸೋಡಾದಲ್ಲಿ ಕರಗಿದರೆ ಆಮ್ಲದ ಗಂಟು. ಸೋಡಾಕ್ಕೆ ಜಗ್ಗದೆ ಸಿಟ್ರೇಟ್‌ನಲ್ಲಿ ಮಾತ್ರ ಕರಗಿದರೆ ಕ್ಯಾಲ್ಸಿಯಂನ ಗಂಟು. ಅಂದರೆ ನೀವು ಡಿಸ್ಟಿಲ್ಡ್ ನೀರಿನ ಬದಲು ಗಡಸು ಬೋರ್‌ವೆಲ್ ನೀರು ಬಳಸಿದ್ದೀರಿ. ಚೂರುಗಳ ಬಣ್ಣ ಹೋಗುತ್ತದೆ, ಅದು ಪರೀಕ್ಷೆಯ ಬೆಲೆ.

ಆಮ್ಲದ ಗಂಟಿಗೆ ಸುಲಭ ಉಪಾಯವೆಂದು ಹೆಚ್ಚಿನವರು ಸಾರಕ್ಕೆ ಕ್ಷಾರ ಹಾಕಿ ಪಿಎಚ್ 6ಕ್ಕೆ ಏರಿಸುತ್ತಾರೆ. ಗಂಟು ಹೋಗುತ್ತದೆ, ಜೊತೆಗೆ ಬಣ್ಣವೂ. ನಾನು 3.8ರಿಂದ 4ರ ಒಳಗೆ ನಿಲ್ಲಿಸುತ್ತೇನೆ. ಬಣ್ಣ ಪೇಲವವಾಗುತ್ತದೆ, ಹೆದರಬೇಡಿ, ವೇಷವಷ್ಟೇ. ಮಣಿ ಕಟ್ಟಿ ಗಟ್ಟಿಯಾದ ಮೇಲೆ, ಕ್ಯಾಲ್ಸಿಯಂ ಕ್ಲೋರೈಡ್ ಇರುವ ನೀರಿಗೇ ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಪಿಎಚ್ 2ರ ಹತ್ತಿರ ತಂದು, ಅದರಲ್ಲಿ ಮಣಿಗಳನ್ನು ಕೆಲವು ನಿಮಿಷ ಅದ್ದಿದರೆ ಕೆಂಪು ಮರಳುತ್ತದೆ, ಮಣಿಯೂ ಸ್ವಲ್ಪ ಕುಗ್ಗಿ ಬಿಗಿಯಾಗುತ್ತದೆ. ಇಲ್ಲಿ ಸಿಟ್ರಿಕ್ ಆಮ್ಲ ಮಾತ್ರ ಬೇಡ. ಸಿಟ್ರೇಟ್ ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುತ್ತದೆ. ಮುರುಗಲಿನ ಸ್ವಂತ ಆಮ್ಲವೂ ಅದೇ ಬಳಗದ್ದು. ಸಾರದಲ್ಲಿ ಅದು ಹೆಚ್ಚಿದ್ದಷ್ಟೂ ಮಣಿ ಮೆತ್ತಗೆ.

ಖರ್ಚಿಗೆ ಅಂಜದವರಿಗೆ ಇನ್ನೂ ಒಳ್ಳೆಯ ದಾರಿ ಇದೆ. ಸಾರವನ್ನು ರೆಸಿನ್ ಕಾಲಮ್ ಮೇಲೆ ಹಾಯಿಸಿದರೆ ಬಣ್ಣ ಅಂಟಿಕೊಳ್ಳುತ್ತದೆ; ಆಮ್ಲ, ಸಕ್ಕರೆ, ಉಪ್ಪು ನೀರಿನಲ್ಲಿ ತೊಳೆದು ಹೋಗುತ್ತವೆ. ಆಮ್ಲೀಯ ಎಥನಾಲ್‌ನಿಂದ ಬಣ್ಣವನ್ನು ಇಳಿಸಿಕೊಂಡರೆ ಮುಂದಿನ ಅರ್ಧ ದೋಷಗಳು ಬರುವುದೇ ಇಲ್ಲ.

ಮಣಿ ಉಬ್ಬಿ ಲೊಳಲೊಳ

ಉಪ್ಪು ಎಂದೆ. ಅಂಗಡಿಯಲ್ಲಿ ಸಿಗುವ ಒಣ ಮುರುಗಲು ಬಹಳ ಸಲ ಉಪ್ಪು ಹಾಕಿ ಒಣಗಿಸಿದ್ದು. ಆ ಸೋಡಿಯಂ ಮಣಿಯೊಳಗೆ ಕ್ಯಾಲ್ಸಿಯಂನ ಜಾಗಕ್ಕೆ ನುಗ್ಗುತ್ತದೆ; ಮಣಿ ನೀರು ಕುಡಿದು ಉಬ್ಬುತ್ತದೆ. ಉಪಕರಣವೇನೂ ಬೇಡ, ಪ್ರಯೋಗಕ್ಕೆ ಕೂರುವ ಮೊದಲು ಸಿಪ್ಪೆಯ ಚೂರೊಂದನ್ನು ಮನೆಯಲ್ಲೇ ನಾಲಿಗೆಗೆ ಮುಟ್ಟಿಸಿ ನೋಡಿ. ಸಾಧ್ಯವಾದರೆ ಏಪ್ರಿಲ್-ಮೇನಲ್ಲಿ ಹಣ್ಣು ಬರುವಾಗ ಉಪ್ಪಿಲ್ಲದೆ ಒಣಗಿಸಿದ್ದನ್ನು ಹೇಳಿ ತರಿಸಿ.

ಉಪ್ಪಿಲ್ಲದೆಯೂ ಮೆತ್ತಗಾದರೆ ಸ್ನಾನವನ್ನು ಅನುಮಾನಿಸಿ. ಬಣ್ಣವಿಲ್ಲದ ಬರೀ ಆಲ್ಜಿನೇಟ್‌ನ ಹತ್ತು ಹನಿ ಅದೇ ಸ್ನಾನಕ್ಕೆ ಬಿಡಿ. ಅವು ಗಟ್ಟಿಯಾಗಿ ಬಂದರೆ ಸ್ನಾನ ನಿರ್ದೋಷಿ, ಸಾರ ಅಪರಾಧಿ. ಅವೂ ಮೆತ್ತಗೆ ಬಂದರೆ ಬಾಟಲಿಯ ಲೇಬಲ್ ಓದಿ: 0.1 ಮೋಲಾರ್‌ಗೆ ನೀರಿಲ್ಲದ ಕ್ಯಾಲ್ಸಿಯಂ ಕ್ಲೋರೈಡ್ ಲೀಟರಿಗೆ 11.1 ಗ್ರಾಂ ಸಾಕು, ಡೈಹೈಡ್ರೇಟ್ ಆದರೆ 14.7 ಗ್ರಾಂ ಬೇಕು. ಇನ್ನೊಂದು, ಈ ಲವಣಕ್ಕೆ ನೀರಿನ ದಾಹ. ಕರಾವಳಿಯ ಜುಲೈನಲ್ಲಿ ಮುಚ್ಚಳ ಸಡಿಲವಿದ್ದ ಬಾಟಲಿಯೊಳಗೆ ಲವಣ ತಾನೇ ಕರಗಿ ನಿಂತಿದ್ದನ್ನು ನೋಡಿದ್ದೇನೆ. ಅಂಥ ಬಾಟಲಿಯಿಂದ ತೂಗಿದರೆ ತಕ್ಕಡಿ ತೋರಿಸುವುದರಲ್ಲಿ ಒಂದು ಪಾಲು ಬರೀ ನೀರು.

ಆಕಾರದ ದೋಷಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳುವುದಿಲ್ಲ. ಬಾಲ ಬಂದರೆ ದ್ರಾವಣ ದಪ್ಪ ಅಥವಾ ಸೂಜಿ ನೀರಿಗೆ ತೀರ ಹತ್ತಿರ. ಚಪ್ಪಟೆಯಾದರೆ ದ್ರಾವಣ ತೆಳು ಅಥವಾ ಎತ್ತರ ಹೆಚ್ಚು.

ಬೂದು-ನೇರಳೆ

ಒಂದು ತಂಡದ ಮಣಿಗಳು ಪ್ರತಿ ಸಲವೂ ನೇರಳೆಗೆ ತಿರುಗುತ್ತಿದ್ದವು. ಪಿಎಚ್ ನೋಡಿದರೆ 4, ಅಂಥ ಬಣ್ಣಕ್ಕೆ ಕಾರಣವಿಲ್ಲ. ಆಮ್ಲದ ಹನಿಗೆ ಕೆಂಪು ಮರಳುತ್ತಿತ್ತು, ಆದ್ದರಿಂದ ನಾಶವೂ ಅಲ್ಲ. ಆಲ್ಜಿನೇಟ್ ಪುಡಿ ಬದಲಿಸಿದರು, ಸಿಪ್ಪೆ ಬದಲಿಸಿದರು. ಕೊನೆಗೆ ಸಿಕ್ಕಿದ್ದು ಸಿಪ್ಪೆ ನೆನೆಸುತ್ತಿದ್ದ ಬಕೆಟ್ಟಿನಲ್ಲಿ. ತಳದಲ್ಲಿ ಬೋರ್‌ವೆಲ್ ನೀರಿನ ತುಕ್ಕು ಬಣ್ಣದ ಗೆರೆ. ಸಯನಿಡಿನ್‌ನ ಒಂದು ಉಂಗುರದಲ್ಲಿ ಪಕ್ಕಪಕ್ಕದಲ್ಲಿರುವ ಎರಡು ಹೈಡ್ರಾಕ್ಸಿಲ್‌ಗಳು ಕಬ್ಬಿಣವನ್ನೂ ಅಲ್ಯೂಮಿನಿಯಂ ಅನ್ನೂ ಇಕ್ಕಳದಂತೆ ಹಿಡಿಯುತ್ತವೆ, ಬಣ್ಣ ನೀಲಿಯತ್ತ ಜಾರುತ್ತದೆ. ಸಾರ ತೀರ ಹುಳಿಯಾಗಿದ್ದಾಗ ಇದು ಕಾಣುವುದಿಲ್ಲ, ಪಿಎಚ್ 4ಕ್ಕೆ ಏರಿಸಿದಾಗ ಹೊರಬೀಳುತ್ತದೆ. ಅದಕ್ಕೇ ಎಲ್ಲರೂ ಆಲ್ಜಿನೇಟನ್ನು ದೂರುತ್ತಾರೆ. ಗಾಜು ಅಥವಾ ಸ್ಟೀಲ್ ಪಾತ್ರೆ, ಡಿಸ್ಟಿಲ್ಡ್ ನೀರು ಬಳಸಿ. ಕಬ್ಬಿಣ ಹಿಡಿಯಲೆಂದು ಇಡಿಟಿಎ ಹಾಕುವ ಜಾಣತನ ಬೇಡ, ಅದು ಮಣಿಯ ಕ್ಯಾಲ್ಸಿಯಂ ಅನ್ನೂ ಬಿಡುವುದಿಲ್ಲ.

ಒಣಗಿಸಿದಾಗ ಕಂದು, ಇಟ್ಟಾಗ ಕಂದು

ಇದು ನಿಜವಾದ ಸಾವು. ಒಣಗಿಸುವ ಒಲೆ 60 ಡಿಗ್ರಿ ದಾಟಿತ್ತೇ ಎಂದು ಮೊದಲು ನೋಡಿ. 40ರಲ್ಲಿ ಗಾಳಿ ಆಡಿಸಿ ಒಣಗಿಸಿದರೆ ಹೊತ್ತು ಹಿಡಿಯುತ್ತದೆ, ಬಣ್ಣ ಉಳಿಯುತ್ತದೆ. ಫ್ರೀಜ್ ಡ್ರೈಯರ್ ಇರುವವರ ಮಣಿ ನೋಡಲು ಚಂದ, ಆದರೆ ಒಳಗೆಲ್ಲ ತೂತು. ಅದೇ ತೂತಿನಲ್ಲಿ ಆಮ್ಲಜನಕವೂ ಓಡಾಡುತ್ತದೆ. ನಂತರ ಗಾಳಿಯಾಡದ ಪೊಟ್ಟಣಕ್ಕೆ ಹಾಕದಿದ್ದರೆ ಆ ಯಂತ್ರದ ಬಾಡಿಗೆ ದಂಡ.

ಎಷ್ಟು ಕೆಟ್ಟಿದೆ ಎಂದು ತಿಳಿಯಲು 420 ಮತ್ತು 520 ನ್ಯಾನೋಮೀಟರ್ ಓದುಗಳ ಅನುಪಾತ ನೋಡಿ. ಏರುತ್ತಿದ್ದರೆ ಕಂದು ಹೆಚ್ಚುತ್ತಿದೆ. ತೆಗೆದ ಬಣ್ಣಕ್ಕೆ ಸ್ವಲ್ಪ ಕೆಎಂಎಸ್ ಹಾಕಿದರೆ ಬಿಡಿ ಆಂಥೋಸಯನಿನ್ ಅಳಿಸಿ ಹೋಗುತ್ತದೆ. ಅಳಿಸದೆ ಉಳಿದದ್ದು ಪರಸ್ಪರ ಬೆಸೆದು ಹಾಳಾದ ಭಾಗ.

ರಕ್ಷಣೆಗೆಂದು ವಿಟಮಿನ್ ಸಿ ಸೇರಿಸಿದ್ದೀರಾ? ತೆಗೆದುಬಿಡಿ. ಆಸ್ಕಾರ್ಬಿಕ್ ಆಮ್ಲ ಮತ್ತು ಆಂಥೋಸಯನಿನ್ ಒಂದೇ ಪಾತ್ರೆಯಲ್ಲಿದ್ದರೆ, ಆಮ್ಲಜನಕ ಸಿಕ್ಕಾಗ ಒಂದನ್ನೊಂದು ಕೆಡಿಸುತ್ತವೆ. ಬೇರೆ ಹಣ್ಣಿನ ಪಾಠವನ್ನು ಇಲ್ಲಿಗೆ ತಂದವರ ಸಾಮಾನ್ಯ ತಪ್ಪು ಇದು.

ತೇವದ ಪಾತ್ರ ತಿಳಿಯಬೇಕಾದರೆ ಎರಡು ಮುಚ್ಚಿದ ಜಾಡಿ ಸಾಕು. ಒಂದರ ತಳದಲ್ಲಿ ಮೆಗ್ನೀಸಿಯಂ ಕ್ಲೋರೈಡ್‌ನ ಒದ್ದೆ ಗಷ್ಟು. ಒಳಗಿನ ಆರ್ದ್ರತೆ ಶೇ 33ರಲ್ಲಿ ನಿಲ್ಲುತ್ತದೆ. ಇನ್ನೊಂದರಲ್ಲಿ ಅಡುಗೆ ಉಪ್ಪಿನದು, ಶೇ 75. ಒಂದೇ ದಿನ ಮಾಡಿದ ಮಣಿಗಳನ್ನು ಎರಡರಲ್ಲೂ ಕತ್ತಲೆಯಲ್ಲಿಟ್ಟು ವಾರಕ್ಕೊಮ್ಮೆ ಓದಿ. ಉಳಿದ ಪ್ರಮಾಣದ ಸ್ವಾಭಾವಿಕ ಲಾಗರಿದಮ್ (ln) ಅನ್ನು ದಿನಗಳೆದುರು ಬರೆದರೆ ಸಾಮಾನ್ಯವಾಗಿ ನೇರ ಗೆರೆ ಬರುತ್ತದೆ. ಅದರ ಇಳಿಜಾರಿನಿಂದ 0.693 ಅನ್ನು ಭಾಗಿಸಿದರೆ ಅರ್ಧಾಯುಷ್ಯ. ಉಪ್ಪಿನ ಜಾಡಿಯದು ಬೇಗ ಸತ್ತು ಇನ್ನೊಂದು ಬದುಕಿದರೆ ನಿಮ್ಮ ದೋಷ ಪೊಟ್ಟಣದಲ್ಲಿದೆ, ಪಾಲಿಮರ್‌ನಲ್ಲಿ ಅಲ್ಲ.

ಇದೇ ಕಾರಣಕ್ಕೆ ನನಗೆ ಒಂದು ತಕರಾರಿದೆ. ಒಣ ಮಣಿಯನ್ನು ದ್ರವ ಸಾರದ ಎದುರು ಇಟ್ಟು, ಬಂಧನದಿಂದ ಸ್ಥಿರತೆ ಇಷ್ಟು ಪಟ್ಟು ಹೆಚ್ಚಿತು ಎಂದು ಬರೆಯುವ ವರದಿಗಳನ್ನು ನಾನು ನಂಬುವುದಿಲ್ಲ. ಅಲ್ಲಿ ಬಣ್ಣವನ್ನು ಕಾಪಾಡಿದ್ದು ಆಲ್ಜಿನೇಟೋ, ಒಣಗಿದ್ದೋ? ಅದೇ ಸಾರವನ್ನು ಪಿಷ್ಟದಿಂದ ಮಾಡಿದ ಮಾಲ್ಟೊಡೆಕ್ಸ್‌ಟ್ರಿನ್ ಜೊತೆ ಒಣಗಿಸಿದ ಪುಡಿಯನ್ನೂ ಅದೇ ಪಿಎಚ್, ಅದೇ ಜಾಡಿಯಲ್ಲಿ ಪಕ್ಕದಲ್ಲಿಡಿ. ಕೆಲವೊಮ್ಮೆ ಆ ಬಡಪಾಯಿ ಪುಡಿಯೇ ಗೆಲ್ಲುತ್ತದೆ, ಆಗ ಮಣಿ ಮಾಡುವ ಶ್ರಮ ಏಕೆ ಎಂದು ಕೇಳಿಕೊಳ್ಳಬೇಕು.

ಮಣಿ ಚೆನ್ನಾಗಿದೆ, ಹಾಲಿಗೆ ಹಾಕಿದಾಗ ಕೆಡುತ್ತದೆ

ಇದಕ್ಕೆ ನನ್ನಲ್ಲಿ ರಿಪೇರಿ ಇಲ್ಲ. ಹಾಲಿನ ಪಿಎಚ್ 6.7ರ ಹತ್ತಿರ, ಮಣಿಯೊಳಗೆ ನೀರು ಹೋದ ಮೇಲೆ ಪಿಎಚ್ ಕೂಡ ಹೋಗುತ್ತದೆ, ಕೆಂಪು ಉಳಿಯುವುದಿಲ್ಲ. ಹಾಲಿನ ಫಾಸ್ಫೇಟ್ ಮತ್ತು ಸಿಟ್ರೇಟ್‌ಗಳು ಮಣಿಯ ಕ್ಯಾಲ್ಸಿಯಂ ಅನ್ನೂ ಮೆಲ್ಲಗೆ ಎಳೆಯುತ್ತವೆ. ಶರಬತ್ತು, ಜೆಲ್ಲಿ, ಹುಳಿ ಮಿಠಾಯಿಗೆ ಮುರುಗಲು ಸರಿ. ಬಾದಾಮಿ ಹಾಲಿಗೋ ಐಸ್‌ಕ್ರೀಮಿಗೋ ಕೆಂಪು ಬೇಕಿದ್ದರೆ ಬೀಟ್‌ರೂಟ್ ತನ್ನಿ. ಅದರ ಬೀಟಾಲೈನ್ ಪಿಎಚ್ 3ರಿಂದ 7ರವರೆಗೆ ಬಣ್ಣ ಬದಲಿಸುವುದಿಲ್ಲ, ಆಲ್ಜಿನೇಟ್ ಜೊತೆ ಜಗಳವಾಡುವುದಿಲ್ಲ, ಕುದಿಸಬಾರದು, ಅಷ್ಟೇ.